ಯಾವ ದೇಶದ ಷೇರುಪೇಟೆ ನಮ್ಮ ಗಡಿಯಾರದಲ್ಲಿ ಎಷ್ಟು ಹೊತ್ತಿಗೆ? ವೇಳೆ ಮತ್ತು ರಜೆಯ ಕ್ಯಾಲೆಂಡರ್ ನೀವೇ ಮಾಡಿಕೊಳ್ಳುವ ಬಗೆ

ಬೆಂಗಳೂರಿನ ಇನ್ಫೋಸಿಸ್ ಷೇರು ಹಗಲು ಮುಂಬೈಯಲ್ಲಿ ವಹಿವಾಟಾಗುತ್ತದೆ, ರಾತ್ರಿ ನ್ಯೂಯಾರ್ಕ್‌ನಲ್ಲಿ ಎಡಿಆರ್ (ಹೊರದೇಶದ ಷೇರನ್ನು ಅಮೆರಿಕದಲ್ಲಿ ಕೊಂಡು ಮಾರಲು ಕೊಡುವ ರಸೀದಿ) ರೂಪದಲ್ಲಿ ವಹಿವಾಟಾಗುತ್ತದೆ. ಮುಂಬೈಯಲ್ಲಿ ಬೆಳಗ್ಗೆ 9:15ಕ್ಕೆ ಶುರುವಾಗಿ ಮಧ್ಯಾಹ್ನ 3:30ಕ್ಕೆ ಮುಗಿಯುತ್ತದೆ. ನ್ಯೂಯಾರ್ಕ್‌ನಲ್ಲಿ ಶುರುವಾಗುವುದು ನಮ್ಮ ಸಂಜೆ 7 ಗಂಟೆಗೆ. ಕೆಲವು ತಿಂಗಳು 8 ಗಂಟೆಗೆ. ಮುಂಬೈ ಪೇಟೆಗೆ ರಜೆ ಇದ್ದ ದಿನವೂ ಅಲ್ಲಿ ಬೆಲೆ ಏರುತ್ತದೆ, ಇಳಿಯುತ್ತದೆ. ಅಲ್ಲಿ ರಜೆ ಇದ್ದಾಗ ಇಲ್ಲಿ ನಡೆಯುತ್ತಲೇ ಇರುತ್ತದೆ.

ಇದು ಇನ್ಫೋಸಿಸ್ ಷೇರು ಇಟ್ಟುಕೊಂಡವರಿಗೆ ಮಾತ್ರ ಸಂಬಂಧಿಸಿದ್ದಲ್ಲ. ಅಮೆರಿಕದ ಕಂಪನಿಯಲ್ಲಿ ಕೆಲಸ ಮಾಡಿ ಸಂಬಳದ ಜೊತೆ ಷೇರು ಪಡೆಯುವವರು ಬೆಂಗಳೂರು, ಮೈಸೂರು, ಮಂಗಳೂರಿನಲ್ಲಿ ಎಷ್ಟೋ ಜನ ಇದ್ದಾರೆ. ನಾಸ್‌ಡಾಕ್ ಫಂಡ್‌ಗೆ, ಅಂದರೆ ಅಮೆರಿಕದ ನಾಸ್‌ಡಾಕ್ ಪೇಟೆಯ ಷೇರುಗಳಲ್ಲಿ ಹೂಡುವ ಫಂಡ್‌ಗೆ, ತಿಂಗಳು ತಿಂಗಳು ದುಡ್ಡು ಹಾಕುವವರಿದ್ದಾರೆ. ಎಂಸಿಎಕ್ಸ್‌ನಲ್ಲಿ (ಮುಂಬೈಯ ಸರಕು ಪೇಟೆ) ಚಿನ್ನ, ಬೆಳ್ಳಿ ವಹಿವಾಟು ಮಾಡುವವರಿದ್ದಾರೆ. ಇವರೆಲ್ಲರೂ ಅಂತರ್ಜಾಲದಲ್ಲಿ ಯಾವುದೋ ಪಟ್ಟಿ ನೋಡಿ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳುತ್ತಾರೆ. ಮಾರ್ಚ್ ಬಂದರೆ ಆ ಪಟ್ಟಿ ಒಂದು ಗಂಟೆ ತಪ್ಪುತ್ತದೆ. ಜನವರಿ ಬಂದರೆ ರಜೆಗಳೆಲ್ಲ ತಪ್ಪುತ್ತವೆ.

ಅದಕ್ಕೇ ನನ್ನ ಸಲಹೆ ಇಷ್ಟು: ವೇಳೆಯನ್ನು ಬಾಯಿಪಾಠ ಮಾಡಬೇಡಿ, ವೇಳೆ ಬದಲಾಗುವ ನಿಯಮವನ್ನು ತಿಳಿದುಕೊಳ್ಳಿ. ನಿಯಮ ಗೊತ್ತಿದ್ದರೆ ಪ್ರತಿ ವರ್ಷದ ಕ್ಯಾಲೆಂಡರನ್ನು ಒಂದು ಭಾನುವಾರ ಬೆಳಗ್ಗೆ ಕೂತು ನೀವೇ ಮಾಡಿಕೊಳ್ಳಬಹುದು. ಹೇಗೆ ಅಂತ ಹಂತ ಹಂತವಾಗಿ ಹೇಳುತ್ತೇನೆ.

ಹಂತ 1: ಮೊದಲು ನಮ್ಮ ಪೇಟೆಯ ವೇಳೆ

ಎನ್‌ಎಸ್‌ಇ ಮತ್ತು ಬಿಎಸ್‌ಇ ನಮ್ಮ ಎರಡು ದೊಡ್ಡ ಷೇರುಪೇಟೆಗಳು, ಎರಡರದ್ದೂ ಒಂದೇ ವೇಳೆ. ಸೋಮವಾರದಿಂದ ಶುಕ್ರವಾರ, ಬೆಳಗ್ಗೆ 9:15ರಿಂದ ಮಧ್ಯಾಹ್ನ 3:30. ಅದಕ್ಕೂ ಮುಂಚೆ 9:00ರಿಂದ 9:15ರವರೆಗೆ ಪ್ರೀ-ಓಪನ್ ಇರುತ್ತದೆ. ಇದರಲ್ಲಿ ಮೊದಲ ಏಳೆಂಟು ನಿಮಿಷ ಮಾತ್ರ ಆರ್ಡರ್ ಹಾಕಬಹುದು, ಬದಲಿಸಬಹುದು, ರದ್ದು ಮಾಡಬಹುದು. ಆಮೇಲೆ ಬಂದ ಆರ್ಡರ್‌ಗಳನ್ನೆಲ್ಲ ಹೊಂದಿಸಿ ಆ ದಿನದ ಆರಂಭದ ಬೆಲೆ ನಿರ್ಧಾರವಾಗುತ್ತದೆ. ರಾತ್ರಿ ಅಮೆರಿಕದಲ್ಲಿ ದೊಡ್ಡ ಕುಸಿತ ಆಗಿದ್ದರೆ ಅದರ ಏಟು ನಮಗೆ ಮೊದಲು ಕಾಣುವುದು ಈ ಕೆಲವೇ ನಿಮಿಷಗಳಲ್ಲಿ. 3:30 ಆದ ಮೇಲೆ ಮುಕ್ತಾಯದ ಬೆಲೆಗೇ ಕೊಳ್ಳುವ, ಮಾರುವ ಒಂದು ಚಿಕ್ಕ ಅವಧಿ ಇದೆ. ಸಾಮಾನ್ಯ ಹೂಡಿಕೆದಾರರಿಗೆ ಅದರ ಕೆಲಸ ಬೀಳುವುದು ಕಡಿಮೆ.

ಎಂಸಿಎಕ್ಸ್ ಕಥೆ ಬೇರೆ. ಅಲ್ಲಿ ಬೆಳಗ್ಗೆ 9ಕ್ಕೆ ಶುರು. ಚಿನ್ನ, ಬೆಳ್ಳಿ, ಕಚ್ಚಾ ತೈಲದ ವಹಿವಾಟು ರಾತ್ರಿ 11:30ರವರೆಗೆ ನಡೆಯುತ್ತದೆ. ಚಳಿಗಾಲದಲ್ಲಿ ಇದು 11:55ಕ್ಕೆ ಹೋಗುತ್ತದೆ. ನಮ್ಮ ದೇಶದಲ್ಲಿ ಯಾರೂ ಗಡಿಯಾರ ತಿರುಗಿಸುವುದಿಲ್ಲ, ಮತ್ತೆ ಯಾಕೆ ಈ ಬದಲಾವಣೆ? ಈ ಸರಕುಗಳ ಬೆಲೆಯನ್ನು ಬಹುಮಟ್ಟಿಗೆ ಮುನ್ನಡೆಸುವುದು ಅಮೆರಿಕದ ಪೇಟೆ. ಅಲ್ಲಿ ಗಡಿಯಾರ ಬದಲಾದರೆ ಮುಂಬೈಯ ಎಂಸಿಎಕ್ಸ್ ಕೂಡ ತನ್ನ ಬಾಗಿಲು ಮುಚ್ಚುವ ಹೊತ್ತನ್ನು ಬದಲಿಸುತ್ತದೆ.

ಗಿಫ್ಟ್ ನಿಫ್ಟಿ ಅನ್ನುವುದೂ ಒಂದಿದೆ. ಎನ್‌ಎಸ್‌ಇಯ ಸೂಚ್ಯಂಕವಾದ ನಿಫ್ಟಿ ಮುಂದೆ ಎಷ್ಟಿರಬಹುದು ಎಂಬುದರ ಮೇಲೆ ನಡೆಯುವ ವಹಿವಾಟು ಇದು. ಬೆಳಗ್ಗೆ ಎದ್ದ ಕೂಡಲೇ ಟಿವಿಯಲ್ಲಿ ತೋರಿಸುತ್ತಾರಲ್ಲ, ಅದೇ. ಮೊದಲು ಸಿಂಗಪುರದಲ್ಲಿ ಎಸ್‌ಜಿಎಕ್ಸ್ ನಿಫ್ಟಿ ಅಂತ ಇತ್ತು. 2023ರ ಜುಲೈ 3ರಿಂದ ಅದು ಗುಜರಾತಿನ ಗಿಫ್ಟ್ ಸಿಟಿಗೆ ಬಂತು. ಬೆಳಗ್ಗೆ 6:30ರಿಂದ ಮಧ್ಯಾಹ್ನ 3:40ರವರೆಗೆ ಒಂದು ಅವಧಿ. ಸಂಜೆ 4:35ರಿಂದ ಮರುದಿನ ಬೆಳಗಿನ ಜಾವ 2:45ರವರೆಗೆ ಇನ್ನೊಂದು. ಅಂದರೆ ಸಿಂಗಪುರ ಎದ್ದಾಗಿನಿಂದ ನ್ಯೂಯಾರ್ಕ್ ಮಲಗುವವರೆಗೆ ನಿಫ್ಟಿಯ ಅಂದಾಜು ಬೆಲೆ ಹೆಚ್ಚುಕಡಿಮೆ ಎಡೆಬಿಡದೆ ಸಿಗುತ್ತದೆ.

ಹಂತ 2: ಪ್ರತಿ ಪೇಟೆಯ ವೇಳೆಯನ್ನು ಆ ಊರಿನ ಗಡಿಯಾರದಲ್ಲೇ ಬರೆದುಕೊಳ್ಳಿ

ಬಹಳ ಜನ ಇಲ್ಲಿ ಎಡವುತ್ತಾರೆ. "ಅಮೆರಿಕ ಪೇಟೆ ಸಂಜೆ 7ಕ್ಕೆ" ಅಂತ ಬರೆದಿಟ್ಟುಕೊಳ್ಳುತ್ತಾರೆ. ಅದು ಅರ್ಧ ಸತ್ಯ. ನ್ಯೂಯಾರ್ಕ್ ಪೇಟೆ ಯಾವತ್ತೂ ನ್ಯೂಯಾರ್ಕ್ ಗಡಿಯಾರದ 9:30ಕ್ಕೇ ತೆರೆಯುತ್ತದೆ. ಬದಲಾಗುವುದು ಅವರ ಗಡಿಯಾರಕ್ಕೂ ನಮ್ಮ ಗಡಿಯಾರಕ್ಕೂ ಇರುವ ಅಂತರ. ಹಾಗಾಗಿ ಸ್ಥಳೀಯ ವೇಳೆಯನ್ನು ಮೊದಲು ಬರೆಯಿರಿ. ಭಾರತೀಯ ವೇಳೆಯನ್ನು ಪಕ್ಕದಲ್ಲಿ ಲೆಕ್ಕ ಹಾಕಿ ಬರೆಯಿರಿ.

| ಪೇಟೆ | ಆ ಊರಿನ ವೇಳೆ | ಭಾರತೀಯ ವೇಳೆ |
|---|---|---|
| ಸಿಡ್ನಿ | ಬೆಳಗ್ಗೆ 10:00 – ಸಂಜೆ 4:00 | ಅವರ ಚಳಿಗಾಲ: ಬೆಳಗ್ಗೆ 5:30 – 11:30, ಅವರ ಬೇಸಿಗೆ: 4:30 – 10:30 |
| ಟೋಕಿಯೊ | 9:00 – 11:30, 12:30 – 3:30 | ಬೆಳಗ್ಗೆ 5:30 – 8:00, 9:00 – 12:00 |
| ಸಿಂಗಪುರ | 9:00 – 12:00, 1:00 – 5:00 | ಬೆಳಗ್ಗೆ 6:30 – 9:30, 10:30 – 2:30 |
| ಶಾಂಘೈ, ಶೆನ್‌ಜೆನ್ | 9:30 – 11:30, 1:00 – 3:00 | ಬೆಳಗ್ಗೆ 7:00 – 9:00, 10:30 – 12:30 |
| ಹಾಂಗ್‌ಕಾಂಗ್ | 9:30 – 12:00, 1:00 – 4:00 | ಬೆಳಗ್ಗೆ 7:00 – 9:30, 10:30 – 1:30 |
| ರಿಯಾದ್ | 10:00 – 3:00 (ಭಾನುವಾರದಿಂದ ಗುರುವಾರ) | ಮಧ್ಯಾಹ್ನ 12:30 – 5:30 |
| ಲಂಡನ್ | 8:00 – 4:30 | ಬೇಸಿಗೆ: 12:30 – ರಾತ್ರಿ 9:00, ಚಳಿಗಾಲ: 1:30 – 10:00 |
| ಫ್ರಾಂಕ್‌ಫರ್ಟ್, ಪ್ಯಾರಿಸ್ | 9:00 – 5:30 | ಲಂಡನ್‌ನಷ್ಟೇ |
| ನ್ಯೂಯಾರ್ಕ್, ನಾಸ್‌ಡಾಕ್, ಟೊರೊಂಟೊ | 9:30 – 4:00 | ಬೇಸಿಗೆ: ಸಂಜೆ 7:00 – ರಾತ್ರಿ 1:30, ಚಳಿಗಾಲ: 8:00 – 2:30 |

ಪೂರ್ವದ ಕಡೆಯ ಪೇಟೆಗಳಿಗೆ ಊಟದ ಬಿಡುವಿದೆ, ನೋಡಿದಿರಾ? ಟೋಕಿಯೊ, ಶಾಂಘೈ, ಹಾಂಗ್‌ಕಾಂಗ್, ಸಿಂಗಪುರ ಎಲ್ಲವೂ ಮಧ್ಯಾಹ್ನ ಬಾಗಿಲು ಹಾಕುತ್ತವೆ. ನಮ್ಮ ಪೇಟೆ 9:15ಕ್ಕೆ ತೆರೆಯುವಾಗ ಶಾಂಘೈ ಊಟಕ್ಕೆ ಹೋಗಿರುತ್ತದೆ. ಬೆಳಗ್ಗೆ 9:30ರಿಂದ 10:30ರವರೆಗೆ ಚೀನಾ, ಹಾಂಗ್‌ಕಾಂಗ್, ಸಿಂಗಪುರದ ಸೂಚ್ಯಂಕ ಅಲ್ಲಾಡದೆ ನಿಂತಿದ್ದರೆ ನಿಮ್ಮ ಆ್ಯಪ್ ಕೆಟ್ಟಿಲ್ಲ, ಗಾಬರಿ ಬೇಡ.

ಟೋಕಿಯೊ ಸಾಲಿನಲ್ಲಿ ಒಂದು ಎಚ್ಚರಿಕೆ. ಹಳೆಯ ಪಟ್ಟಿಗಳಲ್ಲಿ ಅದು 3:00ಕ್ಕೆ ಮುಚ್ಚುತ್ತದೆ ಅಂತ ಇರುತ್ತದೆ. 2024ರ ನವೆಂಬರ್ 5ರಿಂದ ಅರ್ಧ ಗಂಟೆ ಹೆಚ್ಚಿಸಿದ್ದಾರೆ. ಒಂದು ಪಟ್ಟಿ ಹಳೆಯದೋ ಹೊಸದೋ ಎಂದು ತಿಳಿಯಲು ನಾನು ಮೊದಲು ಟೋಕಿಯೊ ಸಾಲನ್ನೇ ನೋಡುತ್ತೇನೆ. ಅಲ್ಲಿ 3:00 ಎಂದಿದ್ದರೆ ಆ ಪಟ್ಟಿಯ ಉಳಿದ ಸಾಲುಗಳನ್ನೂ ನಂಬುವುದಿಲ್ಲ.

ಅಮೆರಿಕಕ್ಕೆ ಸಂಬಂಧಿಸಿ ಇನ್ನೊಂದು ವಿಷಯ. ಮುಖ್ಯ ಅವಧಿಯ ಹಿಂದೆ ಮುಂದೆಯೂ ಅಲ್ಲಿ ವಹಿವಾಟಿದೆ. ಸ್ಥಳೀಯ ಬೆಳಗ್ಗೆ 4:00ರಿಂದ 9:30ರವರೆಗೆ ಪ್ರೀ-ಮಾರ್ಕೆಟ್, ಸಂಜೆ 4:00ರಿಂದ 8:00ರವರೆಗೆ ಆಫ್ಟರ್-ಅವರ್ಸ್. ಬೇಸಿಗೆಯಲ್ಲಿ ನಮ್ಮ ಮಧ್ಯಾಹ್ನ 1:30ರಿಂದ ಮರುದಿನ ಬೆಳಗ್ಗೆ 5:30ರವರೆಗೆ ಆಯಿತು. ದೊಡ್ಡ ಕಂಪನಿಗಳು ತ್ರೈಮಾಸಿಕ ಫಲಿತಾಂಶವನ್ನು ಹೇಳುವುದು ಹೆಚ್ಚಾಗಿ ಈ ಹೊತ್ತಿನಲ್ಲೇ. ಬೆಲೆ ಜೋರಾಗಿ ಹಾರುತ್ತದೆ, ಕೊಳ್ಳುವವರು ಮಾರುವವರು ಮಾತ್ರ ಕಡಿಮೆ. ಹೊಸಬರು ಈ ಅವಧಿಯಲ್ಲಿ ಆರ್ಡರ್ ಹಾಕದಿರುವುದು ಒಳ್ಳೆಯದು. ಹಾಕಲೇಬೇಕಾದರೆ ಲಿಮಿಟ್ ಆರ್ಡರ್ (ಕೊಳ್ಳುವ, ಮಾರುವ ಬೆಲೆಯ ಮಿತಿಯನ್ನು ನೀವೇ ಹೇಳುವ ಆರ್ಡರ್) ಮಾತ್ರ ಹಾಕಿ.

ಹಂತ 3: ಗಡಿಯಾರ ತಿರುಗಿಸುವ ದಿನಗಳನ್ನು ಗುರುತು ಹಾಕಿ

ಭಾರತ, ಜಪಾನ್, ಚೀನಾ, ಹಾಂಗ್‌ಕಾಂಗ್, ಸಿಂಗಪುರ, ಸೌದಿ ಅರೇಬಿಯಾ, ಯುಎಇ. ಇಲ್ಲೆಲ್ಲ ವರ್ಷಪೂರ್ತಿ ಒಂದೇ ವೇಳೆ. ಇವುಗಳ ಲೆಕ್ಕ ಒಮ್ಮೆ ಬರೆದರೆ ಮುಗಿಯಿತು. ತಲೆನೋವು ಇರುವುದು ಅಮೆರಿಕ, ಯುರೋಪ್, ಆಸ್ಟ್ರೇಲಿಯಾದಲ್ಲಿ. ಮೂವರದ್ದೂ ಬೇರೆ ಬೇರೆ ನಿಯಮ.

ಅಮೆರಿಕದಲ್ಲಿ ಮಾರ್ಚ್ ತಿಂಗಳ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದೆ ಹಾಕುತ್ತಾರೆ. ನವೆಂಬರ್ ತಿಂಗಳ ಮೊದಲ ಭಾನುವಾರ ಹಿಂದೆ ಹಾಕುತ್ತಾರೆ. 2007ರಿಂದ ಇದೇ ನಿಯಮ. ಬ್ರಿಟನ್ ಮತ್ತು ಯುರೋಪ್‌ನಲ್ಲಿ ಮಾರ್ಚ್ ಕೊನೆಯ ಭಾನುವಾರ ಮುಂದೆ, ಅಕ್ಟೋಬರ್ ಕೊನೆಯ ಭಾನುವಾರ ಹಿಂದೆ. ಸಿಡ್ನಿಯಲ್ಲಿ ಪೂರ್ತಿ ಉಲ್ಟಾ: ಅಕ್ಟೋಬರ್ ಮೊದಲ ಭಾನುವಾರ ಮುಂದೆ, ಏಪ್ರಿಲ್ ಮೊದಲ ಭಾನುವಾರ ಹಿಂದೆ. ಯಾಕೆಂದರೆ ನಮ್ಮ ಚಳಿಗಾಲ ಅವರಿಗೆ ಬೇಸಿಗೆ.

2026ನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಅಮೆರಿಕದ ಗಡಿಯಾರ ಬದಲಾಗುವುದು ಮಾರ್ಚ್ 8ಕ್ಕೆ, ಲಂಡನ್‌ನದ್ದು ಮಾರ್ಚ್ 29ಕ್ಕೆ. ನಡುವಿನ ಮೂರು ವಾರ ನ್ಯೂಯಾರ್ಕ್ ನಮ್ಮ ಸಂಜೆ 7ಕ್ಕೆ ತೆರೆಯುತ್ತದೆ, ಲಂಡನ್ ಮಾತ್ರ ಇನ್ನೂ ಮಧ್ಯಾಹ್ನ 1:30ಕ್ಕೇ ತೆರೆಯುತ್ತದೆ. ವರ್ಷದ ಕೊನೆಗೆ ಲಂಡನ್ ಅಕ್ಟೋಬರ್ 25ಕ್ಕೆ, ನ್ಯೂಯಾರ್ಕ್ ನವೆಂಬರ್ 1ಕ್ಕೆ ಹಿಂದೆ ಬರುತ್ತವೆ. ಆಗ ಒಂದು ವಾರದ ಅಂತರ. "ಲಂಡನ್ ತೆರೆದು ಆರೂವರೆ ಗಂಟೆಗೆ ನ್ಯೂಯಾರ್ಕ್" ಎಂಬ ಲೆಕ್ಕ ಉಳಿದೆಲ್ಲ ದಿನ ಸರಿ, ಈ ನಾಲ್ಕು ವಾರ ತಪ್ಪು. ಎರಡೂ ಕಡೆ ವಹಿವಾಟು ಮಾಡುವವರು ಈ ವಾರಗಳನ್ನು ಕ್ಯಾಲೆಂಡರ್‌ನಲ್ಲಿ ಬೇರೆ ಬಣ್ಣದಲ್ಲಿ ತೋರಿಸಿಕೊಳ್ಳಿ.

ತಾರೀಖಿನ ಗೊಂದಲವನ್ನೂ ಇಲ್ಲೇ ಬಗೆಹರಿಸಿಕೊಳ್ಳಿ. ಅಮೆರಿಕದ ಶುಕ್ರವಾರದ ಪೇಟೆ ಮುಗಿಯುವುದು ನಮ್ಮ ಶನಿವಾರ ಬೆಳಗಿನ ಜಾವ. ಹಾಗೆಯೇ ಅಲ್ಲಿ ಗುರುವಾರ ರಜೆ ಅಂದರೆ ನಮಗೆ ಗುರುವಾರ ಸಂಜೆ ಮತ್ತು ಶುಕ್ರವಾರದ ಬೆಳಗಿನ ಜಾವ ವಹಿವಾಟಿಲ್ಲ ಅಂತ ಅರ್ಥ. ಶುಕ್ರವಾರ ಸಂಜೆಯ ಪೇಟೆಗೆ ಆ ರಜೆ ಅನ್ವಯಿಸುವುದಿಲ್ಲ.

ಹಂತ 4: ನಮ್ಮ ರಜೆ ಪಟ್ಟಿ ಮುಂಬೈಯದ್ದು, ಕರ್ನಾಟಕದ್ದಲ್ಲ

ಕನ್ನಡಿಗರಿಗೆ ಇದನ್ನು ಒತ್ತಿ ಹೇಳಬೇಕು. ಎನ್‌ಎಸ್‌ಇ, ಬಿಎಸ್‌ಇ ಎರಡೂ ಇರುವುದು ಮುಂಬೈಯಲ್ಲಿ. ಅವುಗಳ ರಜೆಯೂ ಆ ಊರಿನ ಲೆಕ್ಕದಲ್ಲೇ ಬರುತ್ತದೆ. ಮೇ 1 ಮಹಾರಾಷ್ಟ್ರ ದಿನ, ಪೇಟೆಗೆ ರಜೆ. ನವೆಂಬರ್ 1 ಕನ್ನಡ ರಾಜ್ಯೋತ್ಸವ, ರಜೆ ಇಲ್ಲ. 2022, 2023ರ ರಾಜ್ಯೋತ್ಸವದ ದಿನ ನಮ್ಮಲ್ಲಿ ಬ್ಯಾಂಕ್ ಮುಚ್ಚಿದ್ದರೂ ಷೇರುಪೇಟೆ ಎಂದಿನಂತೆ ನಡೆಯಿತು. 2024ರ ನವೆಂಬರ್ 1ರಂದು ಹಗಲು ಪೇಟೆ ಮುಚ್ಚಿತ್ತು, ಅದು ದೀಪಾವಳಿ ಬಂದದ್ದರಿಂದ. ಆ ಸಂಜೆ 6ರಿಂದ 7ರವರೆಗೆ ಮುಹೂರ್ತ ವಹಿವಾಟು, ಅಂದರೆ ದೀಪಾವಳಿಗೆ ಶುಭವೆಂದು ಒಂದು ಗಂಟೆ ನಡೆಸುವ ವಿಶೇಷ ಪೇಟೆ, ನಡೆಯಿತು.

ಯುಗಾದಿಯೂ ಹಾಗೆಯೇ. 2024ರ ಏಪ್ರಿಲ್ 9ರಂದು ನಾವು ಬೇವು-ಬೆಲ್ಲ ತಿನ್ನುತ್ತಿದ್ದಾಗ ಪೇಟೆ ತೆರೆದಿತ್ತು. ಸೆನ್ಸೆಕ್ಸ್ ಮೊದಲ ಬಾರಿಗೆ 75,000 ಮುಟ್ಟಿದ್ದು ಅದೇ ದಿನ. ಆಯುಧ ಪೂಜೆ, ವರಮಹಾಲಕ್ಷ್ಮಿ ಹಬ್ಬ ಕೂಡ ಪೇಟೆಯ ಪಟ್ಟಿಯಲ್ಲಿ ಇರುವುದಿಲ್ಲ. ಗಣೇಶ ಚತುರ್ಥಿ, ವಿಜಯದಶಮಿ, ಬಲಿಪಾಡ್ಯಮಿ ಇರುತ್ತವೆ.

ಚುನಾವಣೆಯಲ್ಲೂ ಇದೇ ಕಥೆ. 2024ರ ಲೋಕಸಭಾ ಚುನಾವಣೆಯಲ್ಲಿ ಬೆಂಗಳೂರು ಮತ ಹಾಕಿದ್ದು ಏಪ್ರಿಲ್ 26ಕ್ಕೆ. ಆ ದಿನ ಪೇಟೆ ನಡೆಯಿತು. ಮುಂಬೈ ಮತ ಹಾಕಿದ್ದು ಮೇ 20ಕ್ಕೆ. ಆ ದಿನ ಮುಚ್ಚಿತ್ತು. ಹಾಗಾಗಿ ಹಬ್ಬದ ದಿನ ಷೇರು ಮಾರಿ ದುಡ್ಡು ತೆಗೆಯಬಹುದಾ, ಬೇಡವಾ ಎಂದು ತಿಳಿಯಲು ಗೋಡೆಯ ಮೇಲಿನ ಪಂಚಾಂಗ ಕ್ಯಾಲೆಂಡರ್ ಸಾಲದು. ಪ್ರತಿ ವರ್ಷ ಡಿಸೆಂಬರ್ ಹೊತ್ತಿಗೆ ಎನ್‌ಎಸ್‌ಇ, ಬಿಎಸ್‌ಇ ಮುಂದಿನ ವರ್ಷದ ಪಟ್ಟಿ ಹೊರಡಿಸುತ್ತವೆ. ಅವುಗಳ ಜಾಲತಾಣದಿಂದಲೇ ತೆಗೆದುಕೊಳ್ಳಿ.

ಆ ಪಟ್ಟಿಯಲ್ಲಿ ಕೆಳಗೆ ಸಣ್ಣದಾಗಿ ಇರುವುದನ್ನೂ ಓದಿ. ಶನಿವಾರ, ಭಾನುವಾರ ಬಿದ್ದ ಹಬ್ಬಗಳು ಅಲ್ಲಿರುತ್ತವೆ. ನಮ್ಮಲ್ಲಿ ವಾರಾಂತ್ಯಕ್ಕೆ ಬಿದ್ದ ಹಬ್ಬಕ್ಕೆ ಸೋಮವಾರ ಬದಲಿ ರಜೆ ಕೊಡುವುದಿಲ್ಲ. ಮುಹೂರ್ತ ವಹಿವಾಟಿನ ಸೂಚನೆಯೂ ಅಲ್ಲೇ ಇರುತ್ತದೆ. ದಿನ ಮೊದಲೇ ಗೊತ್ತಿರುತ್ತದೆ, ಗಂಟೆಯನ್ನು ಹಬ್ಬ ಹತ್ತಿರ ಬಂದಾಗ ತಿಳಿಸುತ್ತಾರೆ. ಸಂಜೆಯೇ ಇರುತ್ತದೆ ಅಂತ ಅಂದುಕೊಳ್ಳಬೇಡಿ. 2025ರಲ್ಲಿ ಅದು ಅಕ್ಟೋಬರ್ 21ರ ಮಧ್ಯಾಹ್ನ 1:45ರಿಂದ 2:45ರವರೆಗೆ ಇತ್ತು. 2026ರ ಲಕ್ಷ್ಮೀ ಪೂಜೆ ನವೆಂಬರ್ 8, ಭಾನುವಾರ.

ಎಂಸಿಎಕ್ಸ್‌ಗೆ ಬೇರೆಯೇ ಪಟ್ಟಿ ಬೇಕು. ಅಲ್ಲಿ ಕೆಲವು ಹಬ್ಬಗಳಿಗೆ ಬೆಳಗಿನ ಅವಧಿ ಮಾತ್ರ ರಜೆ, ಸಂಜೆ 5ರಿಂದ ವಹಿವಾಟು ಶುರು. ಅಂಬೇಡ್ಕರ್ ಜಯಂತಿ, ಮಹಾರಾಷ್ಟ್ರ ದಿನ ಹೀಗಿರುತ್ತವೆ. ಗಣರಾಜ್ಯೋತ್ಸವ, ಗಾಂಧಿ ಜಯಂತಿ, ಗುಡ್ ಫ್ರೈಡೆ, ಕ್ರಿಸ್‌ಮಸ್‌ನಂಥ ದಿನಗಳಲ್ಲಿ ಪೂರ್ತಿ ಮುಚ್ಚಿರುತ್ತದೆ. ಷೇರಿಗೆ ರಜೆ ಅಂತ ಚಿನ್ನದ ವಹಿವಾಟನ್ನೂ ಮರೆತು ಕೂತರೆ ಸಂಜೆ ಬೆಲೆ ಎಲ್ಲಿಗೋ ಹೋಗಿರುತ್ತದೆ.

ಹಂತ 5: ಹೊರದೇಶದ ರಜೆಗಳು

ಅಮೆರಿಕದಿಂದ ಶುರು ಮಾಡಿ, ಅದು ಸುಲಭ. ವರ್ಷಕ್ಕೆ ಹತ್ತೇ ರಜೆ. ಹೊಸ ವರ್ಷ, ಜನವರಿ ಮೂರನೇ ಸೋಮವಾರದ ಮಾರ್ಟಿನ್ ಲೂಥರ್ ಕಿಂಗ್ ದಿನ, ಫೆಬ್ರುವರಿ ಮೂರನೇ ಸೋಮವಾರದ ವಾಷಿಂಗ್ಟನ್ ಜನ್ಮದಿನ, ಗುಡ್ ಫ್ರೈಡೆ, ಮೇ ಕೊನೆಯ ಸೋಮವಾರದ ಮೆಮೋರಿಯಲ್ ಡೇ, ಜೂನ್ 19ರ ಜೂನ್‌ಟೀಂತ್, ಜುಲೈ 4, ಸೆಪ್ಟೆಂಬರ್ ಮೊದಲ ಸೋಮವಾರದ ಲೇಬರ್ ಡೇ, ನವೆಂಬರ್ ನಾಲ್ಕನೇ ಗುರುವಾರದ ಥ್ಯಾಂಕ್ಸ್‌ಗಿವಿಂಗ್, ಕ್ರಿಸ್‌ಮಸ್. ಜೂನ್‌ಟೀಂತ್ ಸೇರಿದ್ದು 2022ರಿಂದ. ಒಂಬತ್ತೇ ರಜೆ ಇರುವ ಪಟ್ಟಿ ಸಿಕ್ಕರೆ ಅದು ಹಳೆಯದು.

ಅಲ್ಲಿ ಬದಲಿ ರಜೆ ಇದೆ. ಹಬ್ಬ ಭಾನುವಾರ ಬಂದರೆ ಸೋಮವಾರ, ಶನಿವಾರ ಬಂದರೆ ಹಿಂದಿನ ಶುಕ್ರವಾರ ಮುಚ್ಚುತ್ತಾರೆ. 2026ರ ಜುಲೈ 4 ಶನಿವಾರ, ಆದ್ದರಿಂದ ಜುಲೈ 3ರ ಶುಕ್ರವಾರ ಪೇಟೆ ಇಲ್ಲ. ಹೊಸ ವರ್ಷಕ್ಕೆ ಮಾತ್ರ ಈ ನಿಯಮ ಪೂರ್ತಿ ಅನ್ವಯಿಸುವುದಿಲ್ಲ. 2022ರ ಜನವರಿ 1 ಶನಿವಾರ ಬಿತ್ತು, ಹಿಂದಿನ ಶುಕ್ರವಾರ, ಅಂದರೆ ಡಿಸೆಂಬರ್ 31ಕ್ಕೆ, ಪೇಟೆ ತೆರೆದೇ ಇತ್ತು. ಅಮೆರಿಕದ ಸರ್ಕಾರಿ ರಜೆಗಳೆಲ್ಲ ಪೇಟೆಗೆ ರಜೆ ಅಲ್ಲ. ಅಕ್ಟೋಬರ್‌ನ ಕೊಲಂಬಸ್ ಡೇ, ನವೆಂಬರ್ 11ರ ವೆಟರನ್ಸ್ ಡೇ ಎರಡಕ್ಕೂ ಷೇರುಪೇಟೆ ನಡೆಯುತ್ತದೆ, ಬ್ಯಾಂಕ್‌ಗಳು ಮುಚ್ಚಿರುತ್ತವೆ. ಆ ದಿನ ಷೇರು ಮಾರಬಹುದು, ದುಡ್ಡು ಭಾರತಕ್ಕೆ ಕಳಿಸುವುದು ಮಾತ್ರ ಒಂದು ದಿನ ತಡವಾಗಬಹುದು. ಗುಡ್ ಫ್ರೈಡೆ ಇದಕ್ಕೆ ತಿರುಗು: ಅದು ಕೇಂದ್ರ ಸರ್ಕಾರದ ರಜೆ ಅಲ್ಲ, ಪೇಟೆಗೆ ಮಾತ್ರ ರಜೆ.

ಯುರೋಪ್‌ನಲ್ಲಿ ಒಂದು ಮುಖ್ಯ ವ್ಯತ್ಯಾಸ ನೆನಪಿಡಿ: ಈಸ್ಟರ್ ಸೋಮವಾರ. ಲಂಡನ್, ಫ್ರಾಂಕ್‌ಫರ್ಟ್, ಪ್ಯಾರಿಸ್ ಅಂದು ಮುಚ್ಚಿರುತ್ತವೆ, ನ್ಯೂಯಾರ್ಕ್ ಮತ್ತು ಮುಂಬೈ ತೆರೆದಿರುತ್ತವೆ. ಉಳಿದಂತೆ ಯುರೋಪ್‌ನ ಕೆಲವು ಪೇಟೆಗಳು ತಮ್ಮ ದೇಶದ ದೊಡ್ಡ ದಿನಗಳಿಗೂ ಬಾಗಿಲು ಹಾಕುವುದಿಲ್ಲ. ಜುಲೈ 14, ಫ್ರಾನ್ಸ್‌ನ ರಾಷ್ಟ್ರೀಯ ದಿನ, ಪ್ಯಾರಿಸ್ ಪೇಟೆ ತೆರೆದಿರುತ್ತದೆ. ಬ್ರಿಟನ್ನಿನಲ್ಲಿ ಬ್ಯಾಂಕ್ ಹಾಲಿಡೇ ಎಂದು ಕರೆಯುವ ಸೋಮವಾರಗಳಿಗೆ ರಜೆ: ಮೇ ಮೊದಲ ಸೋಮವಾರ, ಮೇ ಕೊನೆಯ ಸೋಮವಾರ, ಆಗಸ್ಟ್ ಕೊನೆಯ ಸೋಮವಾರ.

ಚೀನಾ ಸ್ವಲ್ಪ ತಾಳ್ಮೆ ಬೇಡುತ್ತದೆ. ಚಾಂದ್ರಮಾನ ಹೊಸ ವರ್ಷಕ್ಕೆ ಒಂದು ವಾರಕ್ಕೂ ಹೆಚ್ಚು, ಅಕ್ಟೋಬರ್ 1ರ ರಾಷ್ಟ್ರೀಯ ದಿನಕ್ಕೆ ಸುಮಾರು ಒಂದು ವಾರ ಮುಚ್ಚುತ್ತಾರೆ. 2026ರಲ್ಲಿ ಆ ಹೊಸ ವರ್ಷ ಬರುವುದು ಫೆಬ್ರುವರಿ 17ಕ್ಕೆ. ಉದ್ದ ರಜೆ ಕೊಟ್ಟದ್ದಕ್ಕೆ ಬದಲಾಗಿ ಕೆಲವು ಶನಿವಾರ, ಭಾನುವಾರ ಕಚೇರಿಗಳು ಕೆಲಸ ಮಾಡುತ್ತವೆ, ಆದರೆ ಷೇರುಪೇಟೆ ಆ ದಿನಗಳಲ್ಲೂ ತೆರೆಯುವುದಿಲ್ಲ. ಹಾಂಗ್‌ಕಾಂಗ್‌ನ ಪಟ್ಟಿ ಚೀನಾದ್ದಕ್ಕಿಂತ ಬೇರೆ. ಗುಡ್ ಫ್ರೈಡೆಗೆ ಅಲ್ಲಿ ರಜೆ, ಶಾಂಘೈಯಲ್ಲಿ ಇಲ್ಲ. ಹಾಂಗ್‌ಕಾಂಗ್‌ನಲ್ಲಿ ಮೊದಲು ದೊಡ್ಡ ಚಂಡಮಾರುತ ಬಂದರೆ ಪೇಟೆ ನಿಲ್ಲಿಸುತ್ತಿದ್ದರು. 2024ರ ಸೆಪ್ಟೆಂಬರ್ 23ರಿಂದ ಎಂಥ ಗಾಳಿ ಮಳೆಗೂ ವಹಿವಾಟು ನಡೆಸುತ್ತಾರೆ.

ಜಪಾನಿನಲ್ಲಿ ಏಪ್ರಿಲ್ 29ರಿಂದ ಮೇ 5ರ ನಡುವೆ ರಜೆಗಳು ಗುಂಪಾಗಿ ಬರುತ್ತವೆ, ಗೋಲ್ಡನ್ ವೀಕ್ ಎನ್ನುತ್ತಾರೆ. ಡಿಸೆಂಬರ್ 31ರಿಂದ ಜನವರಿ 3ರವರೆಗೂ ಮುಚ್ಚಿರುತ್ತದೆ. 2019ರಲ್ಲಿ ಹೊಸ ಚಕ್ರವರ್ತಿ ಪಟ್ಟಕ್ಕೆ ಬಂದಾಗ ವಾರಾಂತ್ಯವೂ ಸೇರಿ ಸತತ ಹತ್ತು ದಿನ ಟೋಕಿಯೊ ಪೇಟೆ ಇರಲಿಲ್ಲ. ಸಿಂಗಪುರದಲ್ಲಿ ದೀಪಾವಳಿಗೆ ಸಾರ್ವಜನಿಕ ರಜೆ ಇದೆ, ಪೇಟೆಗೂ ರಜೆ. ಆಸ್ಟ್ರೇಲಿಯಾದ ರಾಷ್ಟ್ರೀಯ ದಿನ ಜನವರಿ 26, ನಮ್ಮ ಗಣರಾಜ್ಯೋತ್ಸವವೂ ಅದೇ ದಿನ. ಸಿಡ್ನಿ, ಮುಂಬೈ ಎರಡೂ ಒಟ್ಟಿಗೆ ಮುಚ್ಚುತ್ತವೆ.

ಕೊಲ್ಲಿ ದೇಶಗಳಲ್ಲಿ ವಾರಾಂತ್ಯವೇ ಬೇರೆ. ಸೌದಿಯಲ್ಲಿ ಶುಕ್ರವಾರ, ಶನಿವಾರ ರಜೆ, ಭಾನುವಾರ ಪೇಟೆ. ಯುಎಇ 2022ರ ಜನವರಿಯಿಂದ ಶನಿವಾರ, ಭಾನುವಾರದ ವಾರಾಂತ್ಯಕ್ಕೆ ಬದಲಾಯಿತು, ಹಾಗಾಗಿ ದುಬೈ ಪೇಟೆ ಈಗ ಸೋಮವಾರದಿಂದ ಶುಕ್ರವಾರ.

ಹಂತ 6: ಅರ್ಧ ದಿನದ ಪೇಟೆಗಳನ್ನು ಬೇರೆಯಾಗಿ ಬರೆಯಿರಿ

ಬಹಳ ಪಟ್ಟಿಗಳು ಇವುಗಳನ್ನು ಬಿಟ್ಟುಬಿಡುತ್ತವೆ. ಅಮೆರಿಕದಲ್ಲಿ ಥ್ಯಾಂಕ್ಸ್‌ಗಿವಿಂಗ್ ಮರುದಿನದ ಶುಕ್ರವಾರ ಮಧ್ಯಾಹ್ನ 1ಕ್ಕೇ ಮುಚ್ಚುತ್ತಾರೆ. 2026ರಲ್ಲಿ ಅದು ನವೆಂಬರ್ 27. ಆಗ ಚಳಿಗಾಲದ ವೇಳೆ, ಅಂದರೆ ನಮ್ಮ ರಾತ್ರಿ 11:30. ರಾತ್ರಿ 12ರ ಮೇಲೆ ಮಾರೋಣ ಎಂದು ಕಾದವರು ಸೋಮವಾರದವರೆಗೆ ಕಾಯಬೇಕು. ಕ್ರಿಸ್‌ಮಸ್ ಹಿಂದಿನ ದಿನವೂ ಕೆಲಸದ ದಿನವಾಗಿದ್ದರೆ ಸಾಮಾನ್ಯವಾಗಿ ಹೀಗೆಯೇ. ಲಂಡನ್‌ನಲ್ಲಿ ಡಿಸೆಂಬರ್ 24 ಮತ್ತು 31ಕ್ಕೆ ಅವರ ಮಧ್ಯಾಹ್ನ 12:30ಕ್ಕೆ ಮುಗಿಯುತ್ತದೆ. ಫ್ರಾಂಕ್‌ಫರ್ಟ್ ಆ ಎರಡೂ ದಿನ ತೆರೆಯುವುದೇ ಇಲ್ಲ. ಹಾಂಗ್‌ಕಾಂಗ್, ಸಿಂಗಪುರದಲ್ಲಿ ಕ್ರಿಸ್‌ಮಸ್, ಹೊಸ ವರ್ಷ ಮತ್ತು ಚಾಂದ್ರಮಾನ ಹೊಸ ವರ್ಷದ ಹಿಂದಿನ ದಿನಗಳು ಅರ್ಧ ದಿನ.

ಹಂತ 7: ರಜೆಯಿಂದ ನಿಮ್ಮ ದುಡ್ಡು ಎಷ್ಟು ದಿನ ಮುಂದೆ ಹೋಗುತ್ತದೆ ಎಂದು ಲೆಕ್ಕ ಹಾಕಿ

ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಅತಿ ಮುಖ್ಯ ಹಂತ ಇದೇ. ಮಗಳ ಕಾಲೇಜು ಫೀಸಿಗೆ, ಆಸ್ಪತ್ರೆ ಬಿಲ್ಲಿಗೆ ಅಂತ ಷೇರು ಮಾರುವವರಿಗೆ ಪೇಟೆ ಯಾವಾಗ ತೆರೆಯುತ್ತದೆ ಅನ್ನುವುದಕ್ಕಿಂತ ದುಡ್ಡು ಯಾವಾಗ ಕೈಗೆ ಬರುತ್ತದೆ ಅನ್ನುವುದು ದೊಡ್ಡ ಪ್ರಶ್ನೆ.

2023ರ ಜನವರಿ 27ರಿಂದ ನಮ್ಮಲ್ಲಿ ಎಲ್ಲ ಷೇರುಗಳಿಗೂ ಟಿ+1. ಇವತ್ತು ಮಾರಿದರೆ ಮುಂದಿನ ಕೆಲಸದ ದಿನ ಲೆಕ್ಕ ಚುಕ್ತಾ. ಅಮೆರಿಕದಲ್ಲೂ 2024ರ ಮೇ 28ರಿಂದ ಹಾಗೆಯೇ. ನಡುವೆ ರಜೆ ಬಂದರೆ ಅಷ್ಟೂ ದಿನ ಮುಂದೆ ಹೋಗುತ್ತದೆ. 2026ರ ಏಪ್ರಿಲ್ 2, ಗುರುವಾರ ಮಾರಿದಿರಿ ಎಂದುಕೊಳ್ಳಿ. ಏಪ್ರಿಲ್ 3 ಗುಡ್ ಫ್ರೈಡೆ, ಆಮೇಲೆ ಶನಿವಾರ, ಭಾನುವಾರ. ಲೆಕ್ಕ ಚುಕ್ತಾ ಆಗುವುದು ಏಪ್ರಿಲ್ 6ಕ್ಕೆ. ಬ್ರೋಕರ್ ಖಾತೆಯಿಂದ ಬ್ಯಾಂಕಿಗೆ ಬರಲು ಬೇಕಾದ ಹೊತ್ತನ್ನು ಅದರ ಮೇಲೆ ಸೇರಿಸಿ. ಫೀಸಿನ ಕೊನೆಯ ದಿನ ಏಪ್ರಿಲ್ 4 ಆಗಿದ್ದರೆ ಮಂಗಳವಾರವೇ ಮಾರಬೇಕು ಅನ್ನುವಂತಿಲ್ಲ, ಯಾಕೆಂದರೆ ಮಾರ್ಚ್ 31ರ ಮಂಗಳವಾರ ಮಹಾವೀರ ಜಯಂತಿಯ ರಜೆ. ಸೋಮವಾರ ಮಾರಿದರೂ ಏಪ್ರಿಲ್ 1ಕ್ಕೆ ಬ್ಯಾಂಕ್ ರಜೆ ಇರುವುದರಿಂದ ಲೆಕ್ಕ ಚುಕ್ತಾ ಆಗುವುದು ಏಪ್ರಿಲ್ 2ಕ್ಕೆ. ಹಿಂದಿನ ಶುಕ್ರವಾರವೇ, ಮಾರ್ಚ್ 27ಕ್ಕೆ, ಮಾರಿದರೆ ಕ್ಷೇಮ. ಇಂಥ ವಾರಗಳು ವರ್ಷಕ್ಕೆ ಒಂದೆರಡು ಬಂದೇ ಬರುತ್ತವೆ. ಈಗಲೇ ಗುರುತು ಹಾಕಿಕೊಳ್ಳಿ.

ಪೇಟೆ ತೆರೆದಿದ್ದರೂ ಲೆಕ್ಕ ಚುಕ್ತಾ ಆಗದ ದಿನಗಳೂ ಇವೆ. ಇವಕ್ಕೆ ಸೆಟಲ್‌ಮೆಂಟ್ ಹಾಲಿಡೇ ಎನ್ನುತ್ತಾರೆ. ಮುಂಬೈಯಲ್ಲಿ ಬ್ಯಾಂಕ್‌ಗಳಿಗೆ ರಜೆ ಇದ್ದು ಷೇರುಪೇಟೆಗೆ ಇಲ್ಲದ ದಿನ ಹೀಗಾಗುತ್ತದೆ. ಬ್ಯಾಂಕ್‌ಗಳು ವರ್ಷದ ಲೆಕ್ಕ ಮುಗಿಸುವ ಏಪ್ರಿಲ್ 1 ಅಂಥ ದಿನ. ಆ ದಿನ ನೀವು ಕೊಳ್ಳಬಹುದು, ಮಾರಬಹುದು. ಹಿಂದಿನ ದಿನ ಕೊಂಡ ಷೇರು ಮಾತ್ರ ಡಿಮ್ಯಾಟ್‌ಗೆ ಬಂದಿರುವುದಿಲ್ಲ, ಮಾರಿದ ದುಡ್ಡು ತೆಗೆಯಲು ಸಿಗುವುದಿಲ್ಲ. ಎಕ್ಸ್‌ಚೇಂಜ್‌ಗಳು ಇದಕ್ಕೆ ಬೇರೆ ಪಟ್ಟಿ ಕೊಡುತ್ತವೆ. ಎರಡೂ ಪಟ್ಟಿಯನ್ನು ಇಳಿಸಿಕೊಳ್ಳಿ.

ಆಪ್ಷನ್ಸ್, ಫ್ಯೂಚರ್ಸ್ ಮಾಡುವವರು ಎಕ್ಸ್‌ಪೈರಿಯನ್ನೂ, ಅಂದರೆ ಆ ಒಪ್ಪಂದ ಮುಗಿಯುವ ದಿನವನ್ನೂ, ನೋಡಿ. 2025ರ ಸೆಪ್ಟೆಂಬರ್‌ನಿಂದ ನಿಫ್ಟಿಯ ವಾರದ ಎಕ್ಸ್‌ಪೈರಿ ಮಂಗಳವಾರ, ಸೆನ್ಸೆಕ್ಸ್‌ನದ್ದು ಗುರುವಾರ. ಆ ದಿನ ರಜೆ ಬಂದರೆ ಎಕ್ಸ್‌ಪೈರಿ ಹಿಂದಿನ ವಹಿವಾಟಿನ ದಿನಕ್ಕೆ ಬರುತ್ತದೆ, ಮುಂದಕ್ಕೆ ಹೋಗುವುದಿಲ್ಲ. 2026ರ ಏಪ್ರಿಲ್ 14, ಅಂಬೇಡ್ಕರ್ ಜಯಂತಿ, ಮಂಗಳವಾರ. ಆ ವಾರದ ನಿಫ್ಟಿ ಎಕ್ಸ್‌ಪೈರಿ ಸೋಮವಾರವೇ.

ಹೊರದೇಶದ ಫಂಡ್‌ಗಳಲ್ಲಿ ದುಡ್ಡು ಹಾಕುವವರಿಗೆ ಒಂದು ಮಾತು. ನಮ್ಮ ಪೇಟೆ ತೆರೆದು ಅಮೆರಿಕ ಮುಚ್ಚಿದ ದಿನ ನಿಮ್ಮ ಫಂಡ್ ಆರ್ಡರ್ ತೆಗೆದುಕೊಳ್ಳುತ್ತದೆಯೇ, ಯಾವ ದಿನದ ಎನ್‌ಎವಿ (ಫಂಡ್‌ನ ಒಂದು ಯೂನಿಟ್‌ನ ಮೌಲ್ಯ) ಕೊಡುತ್ತದೆ ಎಂಬುದು ಆಯಾ ಫಂಡ್‌ನ ದಾಖಲೆಯಲ್ಲಿರುತ್ತದೆ. "ಬಿಸಿನೆಸ್ ಡೇ" ಎಂಬ ಭಾಗ ಹುಡುಕಿ ಓದಿ. ನಮ್ಮ ಪೇಟೆಯಲ್ಲೇ ಸಿಗುವ ನಾಸ್‌ಡಾಕ್ ಇಟಿಎಫ್ (ಷೇರಿನಂತೆ ಪೇಟೆಯಲ್ಲೇ ಕೊಂಡು ಮಾರುವ ಫಂಡ್) ಕೊಳ್ಳುವವರು ನೆನಪಿಡಬೇಕಾದದ್ದು ಬೇರೆ: ಅದು ಹಗಲು ಮಾರಾಟವಾಗುವಾಗ ಅಸಲಿ ನಾಸ್‌ಡಾಕ್‌ನ ಮುಖ್ಯ ಅವಧಿ ಶುರುವಾಗಿರುವುದೇ ಇಲ್ಲ. ನೀವು ಕೊಡುತ್ತಿರುವುದು ಅಂದಾಜಿನ ಬೆಲೆ. ಎನ್‌ಎವಿಗಿಂತ ಎಷ್ಟು ಜಾಸ್ತಿ ಕೊಡುತ್ತಿದ್ದೀರಿ ಎಂದು ಒಮ್ಮೆ ನೋಡಿಕೊಂಡೇ ಆರ್ಡರ್ ಹಾಕಿ.

ಹಂತ 8: ಇದ್ದಕ್ಕಿದ್ದಂತೆ ಬರುವ ಬದಲಾವಣೆಗೆ ಜಾಗ ಬಿಡಿ

ಎಷ್ಟೇ ಚೆನ್ನಾಗಿ ಮಾಡಿದ ಕ್ಯಾಲೆಂಡರ್ ಆದರೂ ವರ್ಷದ ನಡುವೆ ಬದಲಾಗುತ್ತದೆ. 2023ರ ಬಕ್ರೀದ್ ರಜೆಯನ್ನು ಜೂನ್ 28ರಿಂದ 29ಕ್ಕೆ ಹಾಕಿದರು. 2024ರ ಜನವರಿಯಲ್ಲಿ ಅಯೋಧ್ಯೆಯ ಪ್ರಾಣಪ್ರತಿಷ್ಠೆಗಾಗಿ 22ರ ಸೋಮವಾರ ರಜೆ ಕೊಟ್ಟು, 20ರ ಶನಿವಾರ ಪೂರ್ತಿ ಪೇಟೆ ನಡೆಸಿದರು. 2026ರ ಜನವರಿ 15 ಮೊದಲ ಪಟ್ಟಿಯಲ್ಲಿ ಇರಲೇ ಇಲ್ಲ, ಮುಂಬೈ ಪಾಲಿಕೆ ಚುನಾವಣೆ ಬಂದದ್ದರಿಂದ ಮುಚ್ಚಿದರು. ಬಜೆಟ್ ದಿನ ವಾರಾಂತ್ಯಕ್ಕೆ ಬಿದ್ದರೂ ಪೇಟೆ ತೆರೆಯುತ್ತಾರೆ: 2025ರ ಫೆಬ್ರುವರಿ 1 ಶನಿವಾರವಾಗಿತ್ತು, 2026ರ ಫೆಬ್ರುವರಿ 1 ಭಾನುವಾರ.

ಅಮೆರಿಕದಲ್ಲೂ ಹೀಗಾಗುತ್ತದೆ. ಜಿಮ್ಮಿ ಕಾರ್ಟರ್ ಅವರ ಶೋಕಾಚರಣೆಗೆ 2025ರ ಜನವರಿ 9ರಂದು ಮುಚ್ಚಿದರು. ಸ್ಯಾಂಡಿ ಚಂಡಮಾರುತಕ್ಕೆ 2012ರ ಅಕ್ಟೋಬರ್ 29, 30 ಎರಡು ದಿನ. ಎಲಿಜಬೆತ್ ರಾಣಿಯ ಅಂತ್ಯಕ್ರಿಯೆಗೆ 2022ರ ಸೆಪ್ಟೆಂಬರ್ 19ರಂದು ಲಂಡನ್ ಮುಚ್ಚಿತ್ತು. ತಾಂತ್ರಿಕ ತೊಂದರೆಯೂ ಉಂಟು. 2021ರ ಫೆಬ್ರುವರಿ 24ರಂದು ಎನ್‌ಎಸ್‌ಇ 11:40ಕ್ಕೆ ನಿಂತು, 3:45ಕ್ಕೆ ಮತ್ತೆ ಶುರುವಾಗಿ ಸಂಜೆ 5ರವರೆಗೆ ನಡೆಯಿತು. ಟೋಕಿಯೊ 2020ರ ಅಕ್ಟೋಬರ್ 1ರಂದು ಇಡೀ ದಿನ ನಿಂತಿತ್ತು.

ಇದಕ್ಕೆ ಪರಿಹಾರ ಸರಳ. ಪ್ರತಿ ಶುಕ್ರವಾರ ಸಂಜೆ ಮುಂದಿನ ವಾರದ ಒಂದು ನೋಟ ಹಾಕಿ: ಎನ್‌ಎಸ್‌ಇ ಸುತ್ತೋಲೆ ಪುಟ, ನೀವು ವಹಿವಾಟು ಮಾಡುವ ಹೊರದೇಶದ ಎಕ್ಸ್‌ಚೇಂಜ್‌ನ ರಜೆ ಪುಟ, ಬ್ರೋಕರ್ ಕಳಿಸಿದ ಸಂದೇಶ. ಮೂರೂ ಒಂದನ್ನೇ ಹೇಳುತ್ತಿದ್ದರೆ ಸರಿ. ಬೇರೆ ಬೇರೆ ಹೇಳಿದರೆ ಎಕ್ಸ್‌ಚೇಂಜ್ ಮಾತೇ ಕೊನೆಯದು.

ಹಂತ 9: ಎಲ್ಲವನ್ನೂ ಫೋನಿನ ಕ್ಯಾಲೆಂಡರ್‌ಗೆ ಹಾಕಿ

ಇಲ್ಲಿ ಒಂದು ಉಪಾಯ ಇದೆ, ಹಂತ 3ರ ಅರ್ಧ ತಲೆನೋವು ಇದರಿಂದ ಹೋಗುತ್ತದೆ. ಗೂಗಲ್ ಕ್ಯಾಲೆಂಡರ್‌ನಲ್ಲಿ ಹೊಸ ನಮೂದು ಮಾಡುವಾಗ ಟೈಮ್ ಝೋನ್ ಆರಿಸುವ ಜಾಗ ಇರುತ್ತದೆ. ನ್ಯೂಯಾರ್ಕ್ ಪೇಟೆಯ ನಮೂದಿಗೆ ಭಾರತದ್ದನ್ನು ಬಿಟ್ಟು ನ್ಯೂಯಾರ್ಕ್‌ನ ಟೈಮ್ ಝೋನನ್ನೇ ಕೊಡಿ. ಬೆಳಗ್ಗೆ 9:30ರಿಂದ ಸಂಜೆ 4:00 ಎಂದು ಹಾಕಿ, ಸೋಮವಾರದಿಂದ ಶುಕ್ರವಾರ ಪುನರಾವರ್ತನೆ ಕೊಡಿ. ಮಾರ್ಚ್, ನವೆಂಬರ್ ಬಂದಾಗ ನಿಮ್ಮ ಫೋನಿನಲ್ಲಿ ಅದು ತಾನೇ 7ಕ್ಕೂ 8ಕ್ಕೂ ಸರಿಯುತ್ತದೆ. ಲಂಡನ್‌ಗೆ ಲಂಡನ್‌ನದ್ದು, ಸಿಡ್ನಿಗೆ ಸಿಡ್ನಿಯದ್ದು. ಊಟದ ಬಿಡುವಿರುವ ಪೇಟೆಗಳಿಗೆ ಎರಡೆರಡು ನಮೂದು ಮಾಡಿ.

ರಜೆಗಳನ್ನು ಬೇರೆ ಬಣ್ಣದಲ್ಲಿ ಇಡೀ ದಿನದ ನಮೂದಾಗಿ ಹಾಕಿ. ಸೆಟಲ್‌ಮೆಂಟ್ ರಜೆಗೆ ಮತ್ತೊಂದು ಬಣ್ಣ. ದೊಡ್ಡ ರಜೆಗಳಿಗೆ ಎರಡು ದಿನ ಮುಂಚೆ ನೆನಪಿಸುವಂತೆ ಇಡಿ. ನ್ಯೂಯಾರ್ಕ್ ಎಕ್ಸ್‌ಚೇಂಜ್ ಒಂದೇ ಸಲಕ್ಕೆ ಮೂರು ವರ್ಷದ ಪಟ್ಟಿ ಕೊಡುತ್ತದೆ, ಅದನ್ನು ಒಟ್ಟಿಗೇ ಹಾಕಿಬಿಡಬಹುದು. ನಮ್ಮದನ್ನು ಮಾತ್ರ ಪ್ರತಿ ಡಿಸೆಂಬರ್‌ನಲ್ಲಿ ಹೊಸದಾಗಿ ಹಾಕಬೇಕು. ನಿಮಗೆ ಬೇಡದ ದೇಶಗಳನ್ನು ಸುಮ್ನೆ ಸೇರಿಸಬೇಡಿ. ನಾಸ್‌ಡಾಕ್ ಫಂಡ್ ಒಂದೇ ಇರುವವರಿಗೆ ಮುಂಬೈ, ನ್ಯೂಯಾರ್ಕ್ ಸಾಕು.

ಹೊರದೇಶದಲ್ಲಿ ಕೂತು ಮುಂಬೈ ಪೇಟೆ ನೋಡುವವರಿಗೆ

ಇದೇ ಲೆಕ್ಕವನ್ನು ತಿರುಗಿಸಿ ಹಾಕಬೇಕು, ಅಷ್ಟೆ. ದುಬೈಯಲ್ಲಿ ನಮ್ಮ ಪೇಟೆ ಬೆಳಗ್ಗೆ 7:45ರಿಂದ ಮಧ್ಯಾಹ್ನ 2:00. ಸಿಂಗಪುರದಲ್ಲಿ 11:45ರಿಂದ ಸಂಜೆ 6:00. ಮೆಲ್ಬರ್ನ್‌ನಲ್ಲಿ ಮಧ್ಯಾಹ್ನ 1:45ರಿಂದ ರಾತ್ರಿ 8:00, ಅವರ ಬೇಸಿಗೆಯಲ್ಲಿ ಒಂದು ಗಂಟೆ ತಡ. ಲಂಡನ್‌ನಲ್ಲಿ ಬೇಸಿಗೆಯಾದರೆ ಬೆಳಗಿನ ಜಾವ 4:45ರಿಂದ 11:00, ಚಳಿಗಾಲದಲ್ಲಿ 3:45ರಿಂದ 10:00. ಕ್ಯಾಲಿಫೋರ್ನಿಯಾದಲ್ಲಿ ಬೇಸಿಗೆಯಾದರೆ ರಾತ್ರಿ 8:45ಕ್ಕೆ ಶುರು, ಚಳಿಗಾಲದಲ್ಲಿ 7:45ಕ್ಕೆ.

ಅಮೆರಿಕದಲ್ಲಿರುವವರಿಗೆ ವಾರವೇ ಒಂದು ದಿನ ಹಿಂದೆ ಸರಿಯುತ್ತದೆ. ಮುಂಬೈಯ ಸೋಮವಾರ ಅಲ್ಲಿ ಭಾನುವಾರ ರಾತ್ರಿ ಶುರುವಾಗುತ್ತದೆ. ಶುಕ್ರವಾರ ರಾತ್ರಿ ಕೆಲಸ ಮುಗಿಸಿ ಕೂತರೆ ಇಲ್ಲಿ ಆಗಲೇ ಶನಿವಾರ, ಪೇಟೆ ಇರುವುದಿಲ್ಲ. ಹಾಗಾಗಿ ಫೋನಿನಲ್ಲಿ ಮುಂಬೈ ಪೇಟೆಯ ನಮೂದನ್ನು ಭಾರತದ ಟೈಮ್ ಝೋನ್‌ನಲ್ಲೇ ಮಾಡಿ, ರಜೆಗಳನ್ನೂ ಭಾರತದ 9:15ರ ನಮೂದಾಗಿ ಹಾಕಿ. ಇಡೀ ದಿನದ ನಮೂದಾಗಿ ಹಾಕಿದರೆ ಅದು ನಿಮ್ಮ ಊರಿನ ತಾರೀಖಿಗೆ ಅಂಟಿಕೊಳ್ಳುತ್ತದೆ. ಆಗ ಜನವರಿ 26ರ ರಜೆ ನಿಮಗೆ ಬೇಕಾದ 25ರ ರಾತ್ರಿಯಲ್ಲಿ ಕಾಣುವುದಿಲ್ಲ.